ಸೋದರಮಾವನ ಸ್ಥಾನಕ್ಕೆ ಉಪಚುನಾವಣೆ ಇಲ್ಲ

ಮಾನ್ಯ ಶಾಸಕರೇ,

ಬರುವ ತಿಂಗಳ ಎರಡನೆಯ ಭಾನುವಾರ ಸೋಮವಾರಪೇಟೆಯ ಕಲ್ಯಾಣ ಮಂಟಪದಲ್ಲಿ ನನ್ನ ತಂಗಿಯ ಮಗಳು ಶರ್ಮಿಳಾಳ ಮದುವೆ. ಮುಹೂರ್ತದ ಹೊತ್ತಿಗೆ ಅವಳ ಕೈ ಹಿಡಿದು ಮಂಟಪಕ್ಕೆ ಕರೆತರುವ ಸೋದರಮಾವನ ಸ್ಥಾನದಲ್ಲಿ ತಾವು ನಿಲ್ಲಲಿದ್ದೀರಿ ಎಂದು ತಿಳಿದು ಹೊಟ್ಟೆ ಉರಿದುಹೋಯಿತು. ಇಂಥ ಕಡೆ 'ತಿಳಿದು ಸಂತೋಷವಾಯಿತು' ಎಂದು ಬರೆಯುವುದು ವಾಡಿಕೆ. ತಮ್ಮ ಪರವಾಗಿ ಅಂಥ ನೂರಾರು ಪತ್ರಗಳನ್ನು ನಾನೇ ಬರೆದಿದ್ದೇನೆ. ಈ ಒಂದರಲ್ಲಿ ಮಾತ್ರ ಸುಳ್ಳು ಬರೆಯಲಾರೆ. ಆ ಹುಡುಗಿಗೆ ಸ್ವಂತ ಸೋದರಮಾವ ಒಬ್ಬನಿದ್ದಾನೆ. ಅವನು ನಾನು. ಸತ್ತಿಲ್ಲ, ಊರು ಬಿಟ್ಟಿಲ್ಲ, ಮಾದಾಪುರದ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿ ದಿನಾ ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯುತ್ತಿದ್ದೇನೆ.

ತಾವು ಪಕ್ಷ ಬದಲಿಸಿದ್ದರ ಬಗ್ಗೆ ಇದು ಇನ್ನೊಂದು ಪತ್ರ ಎಂದು ತಿಳಿದು ಪುಟ ತಿರುಗಿಸಬೇಡಿ. ಆ ವಿಷಯದಲ್ಲಿ ಬೈಯುವವರೆಲ್ಲ ಬೈದು ಮುಗಿಸಿದ್ದಾರೆ. ಹೆಜ್ಜೆಗೊಂದು ಹೋಂಸ್ಟೇ ಇರುವ ಜಿಲ್ಲೆಯ ಪ್ರತಿನಿಧಿಗಳು ಹೊರ ರಾಜ್ಯದ ರೆಸಾರ್ಟಿಗೆ ಹೋಗಿ ಹದಿನೇಳು ದಿನ ತಂಗಿದ್ದೇಕೆ, ನಮ್ಮಲ್ಲಿ ಮಳೆ ಕಡಿಮೆಯೇ, ಮಂಜು ಕಡಿಮೆಯೇ ಎಂದು ಸಂತೆಯಲ್ಲಿ ಜನ ನಕ್ಕರು. ತಾವು ತಲೆ ಕೆಡಿಸಿಕೊಳ್ಳಲಿಲ್ಲ. ರಾಜೀನಾಮೆ ಕೊಟ್ಟಿರಿ, ಹೊಸ ಚಿಹ್ನೆ ಹಿಡಿದು ಉಪಚುನಾವಣೆಗೆ ಬಂದಿರಿ, ಮೊದಲಿಗಿಂತ ಹೆಚ್ಚಿನ ಅಂತರದಲ್ಲಿ ಗೆದ್ದಿರಿ. ನಕ್ಕವರೇ ಹಾರ ಹಾಕಿದರು. ಮತದಾರ ತೀರ್ಪು ಕೊಟ್ಟ ಮೇಲೆ ಎಸ್ಟೇಟ್ ರೈಟರ್ ಒಬ್ಬನ ತೀರ್ಪಿಗೆ ಬೆಲೆಯೇನು? ಆದ್ದರಿಂದ ತತ್ವ, ಸಿದ್ಧಾಂತ, ಜನಾದೇಶ ಎಂಬ ದೊಡ್ಡ ಮಾತುಗಳನ್ನು ಬದಿಗಿಡುತ್ತೇನೆ. ಆ ಮಾತುಗಳ ಬೆಲೆ ನನಗೂ ಗೊತ್ತು, ಯಾಕೆಂದರೆ ತಮ್ಮ ಭಾಷಣಕ್ಕೆ ಅವನ್ನು ಪೋಣಿಸಿ ಕೊಡುತ್ತಿದ್ದವನು ನಾನೇ. 'ನಿಷ್ಠೆ ಎಂದರೆ ಅಂಗಿಯಲ್ಲ, ಬೆಳಿಗ್ಗೆ ತೊಟ್ಟು ಸಂಜೆ ಕಳಚಲು' ಎಂಬ ವಾಕ್ಯ ನೆನಪಿದೆಯೇ? ಎಸ್ಟೇಟಿನ ಆಫೀಸಿನಲ್ಲಿ, ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದದ್ದು. ಮೊನ್ನೆ ಕುಶಾಲನಗರದ ಸಭೆಯಲ್ಲಿ ಹೊಸ ಶಾಲು ಹೊದ್ದು ಅದೇ ವಾಕ್ಯವನ್ನು ಒಂದಕ್ಷರ ಬಿಡದೆ ಹೇಳಿ ಚಪ್ಪಾಳೆ ಗಿಟ್ಟಿಸಿದಿರಂತೆ. ತಾವು ಹೋದದ್ದಲ್ಲದೆ ನನ್ನ ವಾಕ್ಯಕ್ಕೂ ಪಕ್ಷಾಂತರ ಮಾಡಿಸಿದಿರಿ. ಹೋಗಲಿ, ವಾಕ್ಯ ತಾನೇ, ಇನ್ನೊಂದು ಬರೆದುಕೊಳ್ಳಬಹುದು.

ಆದರೆ ತಂಗಿಯ ಮಗಳು ಇನ್ನೊಬ್ಬಳಿಲ್ಲ.

ಈ ಪತ್ರವನ್ನು ವಾರಪತ್ರಿಕೆಯಲ್ಲಿ ಓದುವ ಉಳಿದವರಿಗೆ ಹಿಂದಿನ ಕತೆ ಗೊತ್ತಿಲ್ಲ. ತಮಗೆ ಗೊತ್ತಿದೆ, ಆದರೆ ನೆನಪಿಟ್ಟುಕೊಳ್ಳುವಂಥ ಅಭ್ಯಾಸ ತಮಗಿಲ್ಲ. ಹಾಗಾಗಿ ಇಬ್ಬರಿಗೂ ಸೇರಿಸಿ ಹೇಳುತ್ತೇನೆ. ನನಗೆ ಒಬ್ಬಳೇ ತಂಗಿ, ಗುರುಸಿದ್ದಮ್ಮ. ಅವಳನ್ನು ಕೊಟ್ಟದ್ದು ನಮ್ಮೂರಿಂದ ಎರಡು ಮೈಲಿ ದೂರದ ಗಂಗಣ್ಣನಿಗೆ. ಏಲಕ್ಕಿ, ಮೆಣಸು, ನಾಲ್ಕೆಕರೆ ಕಾಫಿ, ಮರ್ಯಾದಸ್ಥ ಮನುಷ್ಯ. ಅವನದು ಮೊದಲಿನಿಂದಲೂ ಆ ಪಕ್ಷ, ನನ್ನದು ಈ ಪಕ್ಷ. ಚುನಾವಣೆಯ ಹದಿನೈದು ದಿನ ನಾವಿಬ್ಬರೂ ಬೂತಿನ ಎದುರುಬದುರು ಮೇಜು ಹಾಕಿ ಕೂತು ಒಬ್ಬರಿಗೊಬ್ಬರು ಬೈದುಕೊಳ್ಳುತ್ತಿದ್ದೆವು. ಮಧ್ಯಾಹ್ನ ಅವನ ಮನೆಯಿಂದ ಬಂದ ಬುತ್ತಿಯಲ್ಲಿ ನನ್ನ ಪಾಲೂ ಇರುತ್ತಿತ್ತು. ಫಲಿತಾಂಶ ಬಂದ ಮಾರನೆಯ ದಿನ ಸೋತವನು ಗೆದ್ದವನ ಮನೆಗೆ ಹೋಗಿ ಕಾಫಿ ಕುಡಿದು ಬರುವುದು. ನಮ್ಮಲ್ಲಿ ರಾಜಕೀಯವೆಂದರೆ ಅಷ್ಟೇ ಆಗಿತ್ತು.

ಹನ್ನೆರಡು ವರ್ಷದ ಹಿಂದೆ ತಾವು ಮೊದಲ ಬಾರಿ ನಿಂತಿರಿ. ಎಸ್ಟೇಟ್ ಆಳುಗಳ ಲೈನ್ ಮನೆಗಳಲ್ಲಿ ತಮಿಳರ ಜೊತೆ ತಮಿಳಿನಲ್ಲಿ, ಮಲಯಾಳದವರ ಜೊತೆ ಮಲಯಾಳದಲ್ಲಿ, ಅರೆಭಾಷೆಯವರ ಜೊತೆ ಅರೆಭಾಷೆಯಲ್ಲಿ ಒಂದೆರಡು ಮಾತು ಆಡಿದರೆ ಜನ ಒಲಿಯುತ್ತಾರೆಂದು ಕಲಿಸಿಕೊಟ್ಟವನು ನಾನು. ತಾವು ಜೀಪಿನ ಮುಂದಿನ ಸೀಟಿನಲ್ಲಿ ನನ್ನನ್ನು ಕೂರಿಸಿಕೊಂಡು 'ಶಶಿ, ಮುಂದಿನ ಲೈನಲ್ಲಿ ಏನು ಹೇಳ್ಬೇಕು' ಎಂದು ಕೇಳುತ್ತಿದ್ದಿರಿ. ನಾನು ಹೇಳಿಕೊಡುತ್ತಿದ್ದೆ, ತಾವು ಹೇಳುತ್ತಿದ್ದಿರಿ. ಆದರೂ ಸೋತಿರಿ. ನಮ್ಮ ಬೂತಿನಲ್ಲೇ ನಲವತ್ತೊಂದು ಮತ ಹಿಂದೆ. ಸೋತ ಸಂಜೆ ನಮ್ಮೂರ ಬಸವೇಶ್ವರ ಗುಡಿಯ ಅಂಗಳದಲ್ಲಿ ಹುಡುಗರೆಲ್ಲ ಸೇರಿದ್ದಾಗ ಯಾರೋ ಗೊಣಗಿದರು, ರೈಟರು ಹಗಲು ನಮ್ಮ ಕಡೆ, ಊಟ ಮಾತ್ರ ಭಾವನ ಕಡೆ ಎಂದು. ತಾವು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

"ಶಶಿ, ನನಗೆ ನಿನ್ನ ಮೇಲೆ ಅನುಮಾನ ಇಲ್ಲ. ಆದರೆ ಹುಡುಗರ ಬಾಯಿ ಮುಚ್ಚಿಸ್ಬೇಕಲ್ಲ."

ಅನುಮಾನ ಇಲ್ಲದವರು ಹಾಗೆ ಹೇಳುವುದಿಲ್ಲ ಎಂದು ತಿಳಿಯುವಷ್ಟು ಬುದ್ಧಿ ಆಗ ನನಗಿರಲಿಲ್ಲ. ಗುಡಿಯೊಳಗೆ ಹೋಗಿ ವಿಭೂತಿ ಗಟ್ಟಿ ತಂದು ಅಂಗೈಯಲ್ಲಿಟ್ಟುಕೊಂಡೆ. ವಿಭೂತಿ ಹಿಡಿದು ಆಡಿದ ಮಾತನ್ನು ನಮ್ಮಲ್ಲಿ ಯಾರೂ ಮುರಿಯುವುದಿಲ್ಲ, ಹಾಗೆಯೇ ಯಾರೂ ಸುಮ್ಮಸುಮ್ಮನೆ ವಿಭೂತಿ ಹಿಡಿಯುವುದೂ ಇಲ್ಲ. ಆಸ್ತಿ ವ್ಯಾಜ್ಯ, ಕಳ್ಳತನದ ಅಪವಾದ ಇಂಥದ್ದಕ್ಕೆ ಹಿಡಿದವರನ್ನು ಕಂಡಿದ್ದೇನೆ. ಒಬ್ಬ ಅಭ್ಯರ್ಥಿಯ ಮರ್ಜಿಗಾಗಿ ಹಿಡಿದ ಮೂರ್ಖ ನಾನೊಬ್ಬನೇ ಇರಬೇಕು. ಆ ಪಕ್ಷದ ಬಾವುಟ ಗಂಗಣ್ಣನ ಮನೆಯ ಮೇಲೆ ಇರುವವರೆಗೆ ಆ ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ಎಲ್ಲರ ಎದುರು ಹೇಳಿದೆ. ಹುಡುಗರು ಜೈಕಾರ ಹಾಕಿದರು. ಆ ಜೈಕಾರ ಕೇಳಿ ತಮಗೂ ಉತ್ಸಾಹ ಬಂತು. ನನ್ನ ಕೈಯಿಂದ ಅದೇ ವಿಭೂತಿ ಗಟ್ಟಿ ತೆಗೆದುಕೊಂಡು, ಆ ಪಕ್ಷದವರ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ ಎಂದು ತಾವೂ ಆಣೆಯಿಟ್ಟಿರಿ. ತಮಗೆ ಮರೆತಿರಬಹುದು. ಅಂಗೈಗೆ ಹತ್ತಿದ ವಿಭೂತಿಯನ್ನು ತಾವು ಕರವಸ್ತ್ರದಲ್ಲಿ ಒರೆಸಿಕೊಂಡಿರಿ, ನಾನು ಹಣೆಗೆ ಹಚ್ಚಿಕೊಂಡೆ.

ಮುಂದಿನ ವರ್ಷ ಶರ್ಮಿಳಾ ದೊಡ್ಡವಳಾದಳು. ಹುಡುಗಿ ದೊಡ್ಡವಳಾದಾಗ ಹಸಿರು ಸೊಪ್ಪಿನ ಗುಡ್ಲು ಹಾಕುವುದು ಸೋದರಮಾವನ ಕೆಲಸ. ಗುಡ್ಲಿಗೆ ಬೇಕಾದ ಗಳ, ಸೊಪ್ಪು ಎಲ್ಲವನ್ನೂ ತೋಟದಲ್ಲಿ ಕಡಿಸಿಟ್ಟಿದ್ದೆ. ಕೊನೆಗೆ ಅದನ್ನು ಜೀಪಿನಲ್ಲಿ ತುಂಬಿ ಗಂಗಣ್ಣನ ಗೇಟಿನ ತನಕ ಕಳಿಸಿದೆ, ನಾನು ಹೋಗಲಿಲ್ಲ. ಗುಡ್ಲು ಹಾಕಿದ್ದು ಪಕ್ಕದ ಮನೆಯವರು. ಹದಿನಾಲ್ಕು ವರ್ಷದ ಆ ಹುಡುಗಿ, ಮಾವ ಯಾಕೆ ಬರಲಿಲ್ಲ ಎಂದು ಮೂರು ದಿನ ಕೇಳಿದಳಂತೆ. ನಾಲ್ಕನೆಯ ದಿನದಿಂದ ಕೇಳಲಿಲ್ಲವಂತೆ. ಆಮೇಲೆ ಅವಳು ಕಾಲೇಜಿಗೆ ಸೇರಿದ್ದು, ಬಿ.ಎಡ್. ಮಾಡಿದ್ದು, ಶಾಲೆಯಲ್ಲಿ ಟೀಚರ್ ಆದದ್ದು ಎಲ್ಲವೂ ನನಗೆ ಬೇರೆಯವರ ಬಾಯಿಂದ ಗೊತ್ತಾಯಿತು. ಮಾದಾಪುರದ ಬಸ್ ಸ್ಟ್ಯಾಂಡಿನಲ್ಲಿ ಗಂಗಣ್ಣ ಎದುರಾದರೆ ಅವನು ಗೋಡೆ ನೋಡುತ್ತಿದ್ದ, ನಾನು ಬಸ್ಸಿನ ಬೋರ್ಡು ಓದುತ್ತಿದ್ದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ನನ್ನ ಹೆಂಡತಿ ವನಜಮ್ಮ ನನ್ನ ಕಿವಿಗೆ ಬೀಳುವಂತೆ ಆಗಾಗ ಹೇಳುತ್ತಿದ್ದಳು. ನಾನು ಕಿವುಡನಂತಿದ್ದೆ, ಯಾಕೆಂದರೆ ಆ ನಡುವೆ ತಾವು ಗೆದ್ದಿದ್ದಿರಿ. ಒಮ್ಮೆಯಲ್ಲ, ಎರಡು ಸಲ. ಗೆದ್ದವರ ಜೀಪಿನ ಮುಂದಿನ ಸೀಟಿನಲ್ಲಿ ಕೂತವನಿಗೆ ತಂಗಿಯ ಮನೆಯ ಜಗಲಿ ಅಷ್ಟಾಗಿ ಕಾಣಿಸುವುದಿಲ್ಲ. ಇದು ನನ್ನ ತಪ್ಪು, ಇದರಲ್ಲಿ ತಮ್ಮ ಪಾಲನ್ನು ಆಮೇಲೆ ಹೇಳುತ್ತೇನೆ.

ಕಳೆದ ವರ್ಷ ತಾವು ಆ ಕಡೆ ಹೋದಿರಿ. ಹೋಗುವ ಮೊದಲು ನನಗೆ ಒಂದು ಮಾತು ಹೇಳಲಿಲ್ಲ. ಟಿ.ವಿ.ಯಲ್ಲಿ ನೋಡಿದೆ. ಆ ಶಾಲು ತಮಗೆ ಚೆನ್ನಾಗಿಯೇ ಒಪ್ಪುತ್ತಿತ್ತು. ನಾನು ತಮ್ಮ ಫೋನಿಗಾಗಿ ಒಂದು ವಾರ ಕಾದೆ. 'ಶಶಿ, ನೀನೂ ಬಾ' ಎಂದು ಕರೆಯುತ್ತೀರಿ, ನಾನು ಖಡಾಖಂಡಿತವಾಗಿ ಒಲ್ಲೆ ಎನ್ನುತ್ತೇನೆ ಎಂದು ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ತಾವು ಕರೆಯಲೇ ಇಲ್ಲ. ನಿರಾಕರಿಸುವ ಭಾಗ್ಯವನ್ನೂ ನನಗೆ ಕೊಡಲಿಲ್ಲ. ಹತ್ತು ದಿನ ಬಿಟ್ಟು ಸೋಮವಾರದ ಸಂತೆಯ ದಿನ ತಮ್ಮ ಕಾರು ನನ್ನನ್ನು ದಾಟಿ ಹೋಯಿತು. ಮುಂದಿನ ಸೀಟಿನಲ್ಲಿ ಗಂಗಣ್ಣ. ತಾವು ಹಿಂದಿನಿಂದ ಅವನ ಹೆಗಲ ಮೇಲೆ ಕೈಯಿಟ್ಟು ಏನೋ ಕೇಳುತ್ತಿದ್ದಿರಿ. ಮುಂದಿನ ಊರಿನಲ್ಲಿ ಏನು ಹೇಳಬೇಕೆಂದೇ ಕೇಳಿರಬೇಕು. ಅವತ್ತು ನನಗಾದ ಹೊಟ್ಟೆಕಿಚ್ಚು ಎಂಥದ್ದೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನನ್ನ ನಾಯಕ ಗಂಗಣ್ಣನ ಪಾಲಾದನಲ್ಲ ಎಂದು ಗಂಗಣ್ಣನ ಮೇಲೆ ಹೊಟ್ಟೆಕಿಚ್ಚು. ನನ್ನ ಭಾವ ನಾಯಕನ ಪಾಲಾದನಲ್ಲ ಎಂದು ತಮ್ಮ ಮೇಲೆ ಹೊಟ್ಟೆಕಿಚ್ಚು. ಯಾವುದು ಹೆಚ್ಚು ಎಂದು ಇವತ್ತಿಗೂ ಬಗೆಹರಿದಿಲ್ಲ. ಹುಳಿ, ಹಸಿಮೆಣಸು ಕೊಳ್ಳಲು ಹೋದವನು ಖಾಲಿ ಚೀಲ ಹಿಡಿದು ಮನೆಗೆ ಬಂದೆ.

ನಮ್ಮ ಎಸ್ಟೇಟಿನ ಸಾಹುಕಾರರಾದ ಬೋಜಪ್ಪನವರದು ಮಾತು ಕಡಿಮೆ, ಆಡಿದರೆ ಮಾತ್ರ ನಾಟುವಂತೆ ಆಡುತ್ತಾರೆ. ನನ್ನ ಮುಖ ನೋಡಿ ಅವರಿಗೆ ಎಲ್ಲ ಅರ್ಥವಾಗಿತ್ತು. "ಏನು ಮಾರಾಯ, ಅವನು ಪಕ್ಷ ಬಿಟ್ಟು ಮನೆ ಸೇರಿಕೊಂಡ. ನೀನು ಪಕ್ಷಕ್ಕೋಸ್ಕರ ಮನೆ ಬಿಟ್ಟು ಕೂತಿದ್ದಿಯಲ್ಲ," ಎಂದರು. ನಾನು ತಲೆ ತಗ್ಗಿಸಿ ಹಾಜರಿ ಬರೆಯುತ್ತಲೇ ಇದ್ದೆ.

ಈಗ ತಮಗೆ ಗೊತ್ತಿಲ್ಲದ ಒಂದು ಸಂಗತಿ. ಶರ್ಮಿಳಾಳ ಮದುವೆ ಗೊತ್ತಾದ ಮೇಲೆ, ಉಪಚುನಾವಣೆಯ ಗದ್ದಲ ಮುಗಿದ ತಿಂಗಳಲ್ಲಿ, ಗಂಗಣ್ಣ ತನ್ನ ಮನೆಯ ಮೇಲಿನ ಬಾವುಟವನ್ನು ಇಳಿಸಿ ಮಡಿಸಿ ಅಟ್ಟಕ್ಕೆ ಹಾಕಿದ. ಮನೆಗೆ ಸುಣ್ಣಬಣ್ಣ ಆಗಬೇಕು ಎಂದು ಕೇಳಿದವರಿಗೆ ಹೇಳಿದನಂತೆ. ಬಣ್ಣ ಬಳಿಯುವವರು ಇನ್ನೂ ಬಂದಿರಲಿಲ್ಲ. ಗೆದ್ದ ತನ್ನ ಪಕ್ಷದ ಬಾವುಟವನ್ನು, ಗೆದ್ದ ತಿಂಗಳಲ್ಲೇ, ಸೋತ ಪಕ್ಷದ ಭಾವಮೈದುನನ ಆಣೆ ಉಳಿಯಲೆಂದು ಇಳಿಸಿದ ಮನುಷ್ಯ ಅವನು. ನನ್ನ ಹತ್ತಿರ ಒಂದು ಮಾತು ಆಡಲಿಲ್ಲ. ಜನವರಿಯಲ್ಲಿ ಕಾಫಿ ಹಣ್ಣಿನ ಪಿಕ್ಕಿಂಗ್ ಜೋರಾಗಿದ್ದಾಗ ಗುರುಸಿದ್ದಮ್ಮ ಎಸ್ಟೇಟಿಗೆ ಬಂದಳು. ಆಳುಗಳೆಲ್ಲ ಹಣ್ಣಿನ ಚೀಲ ಹೊತ್ತು ಸಾಲು ನಿಂತಿದ್ದರು, ನಾನು ತೂಕ ಬರೆಯುತ್ತಿದ್ದೆ. ಸಾಲಿನ ಕೊನೆಯಲ್ಲಿ ಅವಳೂ ನಿಂತಿದ್ದಳು. ತನ್ನ ಸರದಿ ಬಂದಾಗ ಮೇಜಿನ ಮುಂದೆ ಬಂದು ಹೇಳಿದಳು.

"ಬಾವುಟ ಇಳ್ಸೈತೆ ಅಣ್ಣಯ್ಯ. ನಿನ್ನ ಆಣೆ ನಿನಗೇ ಇರ್ಲಿ. ಶುಕ್ರವಾರ ರೊಟ್ಟಿ ತಟ್ತೀನಿ, ಬಾ."

ಹನ್ನೆರಡು ವರ್ಷದಲ್ಲಿ ಅವಳ ತಲೆ ಅರ್ಧ ಬೆಳ್ಳಗಾಗಿತ್ತು. ಬರುತ್ತೇನೆ ಎಂದೆ. ಆ ದಿನ ಎರಡು ಚೀಲದ ತೂಕ ತಪ್ಪು ಬರೆದೆ.

ಶುಕ್ರವಾರ ಕ್ಷೌರ ಮಾಡಿಸಿಕೊಂಡು, ಬಿಳಿ ಪಂಚೆ ಉಟ್ಟು, ಶರ್ಮಿಳಾಳಿಗೆಂದು ವನಜಮ್ಮ ಆರಿಸಿದ ಸೀರೆಯನ್ನು ಕೈಯಲ್ಲಿ ಹಿಡಿದು ನಡೆದೇ ಹೋದೆ. ಗಂಗಣ್ಣನ ಮನೆಗೆ ತಿರುಗುವ ದಾರಿಯಲ್ಲಿ ಒಂದು ಮೋರಿ ಇದೆ, ಅಲ್ಲಿಂದ ಅವನ ಜಗಲಿ ಕಾಣುತ್ತದೆ. ಮೋರಿಯ ಹತ್ತಿರ ಬಂದು ನೋಡಿದರೆ ದಾರಿಯುದ್ದಕ್ಕೂ ಬಂಟಿಂಗ್ಸು, ಗೇಟಿಗೆ ಕಮಾನು, ಮನೆಯ ಹೆಂಚಿನ ಮೇಲೆ ಹಳೆಯದಕ್ಕಿಂತ ಮೂರು ಪಟ್ಟು ದೊಡ್ಡ ಹೊಸ ಬಾವುಟ. ಮತದಾರರಿಗೆ ಕೃತಜ್ಞತೆ ಹೇಳುವ ತಮ್ಮ ಪ್ರವಾಸಕ್ಕೆ ಅದೇ ಶುಕ್ರವಾರ ಸಿಕ್ಕಿತ್ತು. ತಮ್ಮ ಹುಡುಗರು ಬೆಳಿಗ್ಗೆಯೇ ಬಂದು ಏಣಿ ಹಾಕಿ ಬಾವುಟ ಕಟ್ಟಿದ್ದರು. ಬೇಡ ಎನ್ನಲು ಗಂಗಣ್ಣನಿಗೆ ಯಾವ ಬಾಯಿ? ಬಾವುಟ ಯಾಕೆ ಇಳಿಸಿದ್ದೆ ಎಂದು ಅವರು ಕೇಳಿದ್ದರೆ ಏನು ಹೇಳಬೇಕಿತ್ತು?

ಇಲ್ಲಿಯವರೆಗೆ ನಾನು ಊರಿನವರಿಗೆಲ್ಲ ಹೇಳಿಕೊಂಡು ಬಂದದ್ದು ಇಷ್ಟು: ಹೋದೆ, ಬಾವುಟ ಕಂಡೆ, ಆಣೆ ಅಡ್ಡ ಬಂತು, ಹಿಂದಿರುಗಿದೆ. ಕೇಳಿದವರು ಭೇಷ್ ಎಂದರು. ಮಾತಿಗೆ ತಪ್ಪದ ಮನುಷ್ಯ ಎಂದು ಹೊಗಳಿದರು. ಅದು ಸುಳ್ಳು. ಬಾವುಟ ಕಂಡ ಮೇಲೂ ನಾನು ಮೋರಿಯ ಮೇಲೆ ಹತ್ತು ನಿಮಿಷ ನಿಂತಿದ್ದೆ. ಗುರುಸಿದ್ದಮ್ಮ ಕರೆದದ್ದು ಬಾವುಟ ಇಳಿಸಿ, ಆಮೇಲೆ ಯಾರೋ ಕಟ್ಟಿದ್ದು ಲೆಕ್ಕಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಒಂದು ಹೆಜ್ಜೆ ಮುಂದಿಟ್ಟೂ ಇದ್ದೆ. ಆಗ ಜಗಲಿಯ ಮೇಲೆ ತಾವು ಕಂಡಿರಿ. ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ, ನಾನು ಹೋದಾಗಲೆಲ್ಲ ಕೂರುತ್ತಿದ್ದ ಕುರ್ಚಿಯಲ್ಲಿ, ತಟ್ಟೆ ಹಿಡಿದು ಕೂತಿದ್ದಿರಿ. ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ನನಗೆ ಹುಚ್ಚೆಳ್ಳು ಚಟ್ನಿ ಇಷ್ಟವೆಂದು ಅವಳು ಮದುವೆಗೆ ಮೊದಲಿನಿಂದಲೂ ಮಾಡುತ್ತಿದ್ದಳು. ತಾವು ಸಾಕು ಎಂದು ಕೈ ಅಡ್ಡ ಹಿಡಿದಿರಿ. ಅವಳು ಕೇಳದೆ ಇನ್ನೊಂದು ರೊಟ್ಟಿ ಹಾಕಿದಳು. ಸ್ವಾಮಿ, ಹಾಗೆ ಕೇಳದೆ ಅವಳು ರೊಟ್ಟಿ ಹಾಕುತ್ತಿದ್ದದ್ದು ನನ್ನೊಬ್ಬನ ತಟ್ಟೆಗೆ. ನನಗಾಗಿ ತಟ್ಟಿದ ರೊಟ್ಟಿಯನ್ನು ತಾವು ತಿಂದಿರಿ. ತಿಂದು ಬೆರಳು ಚೀಪಿದ್ದನ್ನೂ ನೋಡಿದೆ. ನಾನು ಹಿಂದಿರುಗಿದ್ದು ಅದನ್ನು ನೋಡಿ, ಬಾವುಟ ನೋಡಿ ಅಲ್ಲ. ಆಣೆ ಮುರಿದರೆ ಏನಾದೀತೆಂದು ಹನ್ನೆರಡು ವರ್ಷ ಹೆದರಿದವನು ನಾನು. ತಾವು ಅದೇ ವಿಭೂತಿಯ ಮೇಲಿನ ಆಣೆ ಮುರಿದು ಹಾಯಾಗಿ ಕೂತು ಎರಡನೆಯ ರೊಟ್ಟಿ ತಿನ್ನುತ್ತಿದ್ದಿರಿ, ಏನೂ ಆಗಿರಲಿಲ್ಲ. ತಮ್ಮ ಹಾಗೆ ಬದುಕಲು ನನಗೆ ಬರಲಿಲ್ಲವಲ್ಲ ಎಂದು ಎದೆಯೊಳಗೆ ಉರಿ ಎದ್ದಿತು.

ಜಗಲಿಯ ಮೇಲೆ ಆಮೇಲೆ ಏನಾಯಿತೆಂಬುದು ವಾಟ್ಸಾಪಿನಲ್ಲಿ ಬಂತು. ಮದುವೆಗೆ ಸೋದರಮಾವ ಯಾರು ನಿಲ್ಲುತ್ತಾರೆ ಎಂದು ಯಾರೋ ಕೇಳುತ್ತಾರೆ. ಗಂಗಣ್ಣ ದಾರಿಯ ಕಡೆ ನೋಡುತ್ತಾನೆ. ತಾವು ಅವನ ಬೆನ್ನು ತಟ್ಟಿ, "ಸೋದರಮಾವ ಇಲ್ಲ ಅಂತ ಯಾಕೆ ಯೋಚ್ನೆ ಗಂಗಣ್ಣ? ನಾನಿದ್ದೀನಲ್ಲ," ಎನ್ನುತ್ತೀರಿ. ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ಶರ್ಮಿಳಾ ತಮ್ಮ ಕಾಲು ಮುಟ್ಟಿ ನಮಸ್ಕರಿಸುತ್ತಾಳೆ. ಒಂದು ನಿಮಿಷ ಇಪ್ಪತ್ತು ಸೆಕೆಂಡಿನ ವಿಡಿಯೋ. ಎಷ್ಟು ಸಲ ನೋಡಿದ್ದೇನೆ ಎಂದರೆ, ಗಂಗಣ್ಣ ದಾರಿ ನೋಡುವ ಗಳಿಗೆಯಲ್ಲಿ ಅವನ ಕಣ್ಣು ಸರಿಯಾಗಿ ಮೋರಿಯ ಕಡೆಗೇ ಇದೆ ಎಂಬುದನ್ನು ಪತ್ತೆ ಹಚ್ಚಿದ್ದೇನೆ. ಅಷ್ಟು ಹೊತ್ತಿಗೆ ನಾನು ಅಲ್ಲಿಂದ ಹೊರಟಾಗಿತ್ತು.

ಇಷ್ಟಕ್ಕೇ ನಿಂತಿದ್ದರೆ ತಮ್ಮನ್ನು ಬೈದುಕೊಂಡು ಹಗುರಾಗಬಹುದಿತ್ತು. ಮಾರನೆಯ ದಿನ ಗುರುಸಿದ್ದಮ್ಮ ಫೋನ್ ಮಾಡಿದಳು. ರೊಟ್ಟಿ ಎತ್ತಿಟ್ಟಿದ್ದೆ, ಸಂಜೆ ತನಕ ಕಾದೆ, ಬಾವುಟ ಕಟ್ಟಿದ್ದು ನಾವಲ್ಲ ಎಂದಳು. ನಾನು ಆಡಿದ ಮಾತನ್ನು ಇಲ್ಲಿ ಬರೆಯದಿದ್ದರೆ ಈ ಪತ್ರಕ್ಕೆ ಅರ್ಥವಿಲ್ಲ. "ಅವನೇ ಬರ್ಲಿ ಬಿಡು ಮದುವೆಗೆ. ಅವನಿಗೂ ಯಾರ ಮನೆ ಆದ್ರೂ ಆಯ್ತದೆ, ನಿಮಗೂ ಯಾರಾದ್ರೂ ಆಯ್ತದೆ," ಎಂದೆ. ಅವಳು ಫೋನ್ ಇಟ್ಟಳು. ಒಂದು ವಾರದ ಮೇಲೆ ಲಗ್ನಪತ್ರಿಕೆ ಬಂತು, ತಂಗಿಯ ಕೈಯಲ್ಲಲ್ಲ, ಬಸ್ ಕಂಡಕ್ಟರನ ಕೈಯಲ್ಲಿ. ಸೋದರಮಾವ ಎಂಬ ಸಾಲಿನಲ್ಲಿ ಯಾರ ಹೆಸರನ್ನೂ ಹಾಕಿಸಿರಲಿಲ್ಲ. ವಿಶೇಷ ಆಹ್ವಾನಿತರು ಎಂಬಲ್ಲಿ ತಮ್ಮ ಪದವಿ, ದಪ್ಪ ಅಕ್ಷರದಲ್ಲಿ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಪತ್ರಿಕೆಯನ್ನು ನೋಡಿ ವನಜಮ್ಮ ಅಳಲಿಲ್ಲ, ಜಗಳವಾಡಲಿಲ್ಲ. "ಊರವರಿಗೆಲ್ಲ ಹಾಜರಿ ಹಾಕ್ತೀರಿ. ಸ್ವಂತ ತಂಗಿ ಮನೇಲಿ ನಿಮ್ಮದು ಹನ್ನೆರಡು ವರ್ಷ ಗೈರು," ಎಂದು ಒಳಗೆ ಹೋದಳು. ಆ ಸೀರೆ ಇನ್ನೂ ಅವಳ ಟ್ರಂಕಿನಲ್ಲಿದೆ.

ಮಾನ್ಯರೇ, ತಮ್ಮ ಪಾಲಿನ ತಪ್ಪು ಎಂದೆನಲ್ಲ, ಅದು ಇಷ್ಟೇ. ತಾವು ಪಕ್ಷ ಬಿಟ್ಟದ್ದು ನನಗೆ ತಪ್ಪಾಗಿ ಕಾಣುವುದಿಲ್ಲ. ಬಿಡುವವರು ಬಿಡಲಿ, ವಿಧಾನಸೌಧದಲ್ಲಿ ಕುರ್ಚಿ ಹೇಗೂ ಅಲ್ಲಿಂದಿಲ್ಲಿಗೆ ಸರಿಯುತ್ತಿರುತ್ತದೆ. ಆದರೆ ಹೋಗುವಾಗ ತಮ್ಮ ಹಿಂದೆ ಆಣೆಯಿಟ್ಟು ಕೂತವರನ್ನು ಒಂದು ಮಾತಿನಿಂದ ಬಿಡುಗಡೆ ಮಾಡಬಹುದಿತ್ತು. 'ಶಶಿ, ಅವತ್ತಿನದು ಅವತ್ತಿಗೆ ಮುಗೀತು, ತಂಗಿ ಮನೆಗೆ ಹೋಗು' ಎಂದು ಒಂದು ಫೋನು. ಅದಕ್ಕೆ ಹೈಕಮಾಂಡಿನ ಅಪ್ಪಣೆ ಬೇಕಿತ್ತೇ? ರಾಜ್ಯಪಾಲರ ಅಂಕಿತ ಬೇಕಿತ್ತೇ? ಈ ಕ್ಷೇತ್ರದಲ್ಲಿ ತಮಗಾಗಿ ಅಣ್ಣತಮ್ಮಂದಿರ ನಡುವೆ ಬೇಲಿ ಹಾಕಿಕೊಂಡವರು ನಾನೊಬ್ಬನೇ ಅಲ್ಲ. ತಾವು ಬೇಲಿ ಹಾರಿ ಹೋದಿರಿ, ಬೇಲಿ ಹಾಗೆಯೇ ಉಳಿಯಿತು. ಈ ಕಡೆ ನಿಂತವರಿಗೆ ಆ ಕಡೆ ತಾವು ಉಣ್ಣುವುದು ಕಾಣುತ್ತದೆ.

ಇದನ್ನೆಲ್ಲ ಪತ್ರಿಕೆಯಲ್ಲಿ ಯಾಕೆ ಬರೆದೆ, ಮನೆಗೆ ಬಂದು ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ತಮ್ಮ ಆಪ್ತ ಸಹಾಯಕರು ನನ್ನ ಫೋನನ್ನು ಎತ್ತುವುದಿಲ್ಲ. ಗುರುಸಿದ್ದಮ್ಮನಂತೂ ಎತ್ತುವುದೇ ಇಲ್ಲ. ಆದರೆ ಗಂಗಣ್ಣ ಈ ವಾರಪತ್ರಿಕೆಯನ್ನು ಮಾದಾಪುರದ ಹೋಟೆಲಿನಲ್ಲಿ ಕೂತು ಮೊದಲ ಪುಟದಿಂದ ಶ್ರದ್ಧಾಂಜಲಿಯವರೆಗೆ ಓದುತ್ತಾನೆ, ಓದಿದ್ದನ್ನು ಮನೆಗೆ ಹೋಗಿ ಹೇಳುತ್ತಾನೆ. ಹನ್ನೆರಡು ವರ್ಷದ ಹಿಂದೆ ಎಲ್ಲರ ಎದುರು ಆಡಿದ ಮಾತನ್ನು ಎಲ್ಲರ ಎದುರೇ ವಾಪಸು ತೆಗೆದುಕೊಳ್ಳಬೇಕು ಎಂದು ನನಗನ್ನಿಸಿತು. ತೆಗೆದುಕೊಳ್ಳುತ್ತಿದ್ದೇನೆ. ಫೋನಿನಲ್ಲಿ ಆಡಿದ್ದನ್ನೂ ತೆಗೆದುಕೊಳ್ಳುತ್ತಿದ್ದೇನೆ, ಅದಕ್ಕೆ ತಂಗಿಯ ಕ್ಷಮೆ ಕೇಳುತ್ತೇನೆ. ಗಂಗಣ್ಣನ ಮನೆಯ ಮೇಲೆ ಬಾವುಟ ಇರಲಿ, ಕಟೌಟ್ ಇರಲಿ, ಕಲ್ಯಾಣ ಮಂಟಪದ ಬಾಗಿಲಿಗೆ ತಮ್ಮ ಪಕ್ಷದ ಬಂಟಿಂಗ್ಸೇ ತೋರಣವಾಗಿರಲಿ, ನಾನು ಅದರ ಕೆಳಗೆ ನುಗ್ಗಿ ಬರುತ್ತೇನೆ. ವಿಭೂತಿ ಹಿಡಿದು ಮಾತು ತಪ್ಪಿದವರ ಪಟ್ಟಿಯಲ್ಲಿ ತಮ್ಮ ಹೆಸರಿನ ಕೆಳಗೆ ನನ್ನ ಹೆಸರೂ ಸೇರುತ್ತದೆ. ಇನ್ನು ತಮ್ಮನ್ನು ಬೈಯುವ ಹಕ್ಕು ನನಗಿರುವುದಿಲ್ಲ. ಈ ಜಿಲ್ಲೆಯಲ್ಲಿ ನನ್ನ ಹತ್ತಿರ ಉಳಿದಿದ್ದ ಆಸ್ತಿ ಅದೊಂದೇ ಆಗಿತ್ತು, ಅದನ್ನೂ ಬಿಟ್ಟೆ. ತಾವು ಪಕ್ಷ ಬಿಟ್ಟು ಪಡೆದದ್ದು ದೊಡ್ಡದು. ನಾನು ಪಡೆಯಲು ಹೊರಟಿರುವುದು ಹದಿನೈದು ಹೆಜ್ಜೆ, ಹೆಣ್ಣಿನ ಕೋಣೆಯ ಬಾಗಿಲಿನಿಂದ ಮಂಟಪದವರೆಗೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ. ಮದುವೆಗೆ ತಪ್ಪದೆ ಬನ್ನಿ. ಮೊದಲ ಸಾಲಿನಲ್ಲಿ ಕುಳಿತುಕೊಳ್ಳಿ, ಹಾರ ಹಾಕಿಸಿಕೊಳ್ಳಿ, ಫೋಟೋ ತೆಗೆಸಿಕೊಳ್ಳಿ, ಹೋಳಿಗೆ ಎರಡು ಸಲ ಹಾಕಿಸಿಕೊಳ್ಳಿ. ಭಾಷಣವನ್ನೂ ಮಾಡಿ, ಬೇಕಿದ್ದರೆ ಬರೆದುಕೊಡುತ್ತೇನೆ. ಒಂದು ಗಳಿಗೆ ಮಾತ್ರ ಬಿಟ್ಟುಕೊಡಿ. ಮುಹೂರ್ತ ಬಂತು, ಹೆಣ್ಣಿನ ಸೋದರಮಾವ ಬರಲಿ ಎಂದು ಅಯ್ಯನವರು ಕೂಗಿದಾಗ ತಾವು ಏಳಬೇಡಿ. ಕುಳಿತೇ ಇರಿ. ಯಾರಾದರೂ ತಮ್ಮ ಕಡೆ ತಿರುಗಿದರೂ ಕುಳಿತೇ ಇರಿ. ನಾನು ಎಲ್ಲೋ ಹಿಂದಿನ ಸಾಲಿನಲ್ಲಿರುತ್ತೇನೆ, ಎದ್ದು ಬರಲು ತುಸು ಹೊತ್ತು ಬೇಕಾಗುತ್ತದೆ. ಆ ಹುಡುಗಿ ಕೈ ಕೊಡುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಕೊಡದಿದ್ದರೂ, ಚಾಚಿದ ಕೈ ನನ್ನದೇ ಆಗಿರಲಿ.

ಇಂತಿ,
ತಮ್ಮ ಮಾಜಿ ಭಾಷಣ ಬರಹಗಾರ, ಮಾಜಿ ಬೂತ್ ಏಜೆಂಟ್, ಮಾತಿಗೆ ತಪ್ಪಿದವನು,
ಶರ್ಮಿಳಾಳ ಸೋದರಮಾವ
ರೈಟರ್ ಶಶಿಧರ
ಮಾದಾಪುರ